ಎಂ.ಎಸ್.ಗೆ ಹೊರಟ ಖೋ ಖೋ ಹುಡುಗಿಗೆ

ನೋಡಮ್ಮ, ಅಮೆರಿಕದಲ್ಲಿ ವ್ಯಾಯಾಮ ವಿಜ್ಞಾನ ಮತ್ತು ಆರೋಗ್ಯ ಸಂವರ್ಧನೆ ಓದಬೇಕೆಂದು ಅರ್ಜಿ ತುಂಬುತ್ತಿದ್ದೀಯೆ ಎಂದು ನಿಮ್ಮ ತಂದೆ ಫೋನ್ ಮಾಡಿದ್ದರು. ದನಿಯಲ್ಲಿ ಹೆಮ್ಮೆಯಿತ್ತು, ಅದರ ಬೆನ್ನಿಗೇ ಅಂಜಿಕೆಯೂ ಇತ್ತು. "ಇದನ್ನ ಓದಿದ್ಮೇಲೆ ಅವಳು ಏನಾಗ್ತಾಳೆ ಸರ್? ಡಾಕ್ಟ್ರಾ, ಪಿ.ಟಿ. ಟೀಚರಾ, ಇಲ್ಲ ಜಿಮ್ಮಲ್ಲಿ ಹೇಳಿಕೊಡೋಳಾ?" ಎಂದು ಕೇಳಿದರು. ಅಡಿಕೆ ತೋಟ ನಂಬಿ ಬದುಕುವ ಮನುಷ್ಯ ಮಗಳನ್ನು ಸಮುದ್ರದಾಚೆ ಕಳಿಸುವ ಮುಂಚೆ ಅಷ್ಟನ್ನಾದರೂ ಕೇಳಬೇಡವೇ? ಅವರಿಗೆ ಫೋನಿನಲ್ಲಿ ಎರಡು ಮಾತು ಹೇಳಿದೆ. ನಿನಗೆ ಕೂತು ಬರೆಯುತ್ತಿದ್ದೇನೆ. ಕಾಲೇಜು ಮೈದಾನದಲ್ಲಿ ನಿನಗೆ ವಿಸಿಲ್ ಊದಿದವನೆಂಬ ಸಲಿಗೆಯಿಂದ, ಈ ಓದಿನ ಬಗ್ಗೆ ನನಗೆ ತಿಳಿದದ್ದನ್ನೂ ಅನಿಸಿದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಈ ಪದವಿಯ ಹೆಸರಿನಲ್ಲಿ ಎರಡು ಭಾಗವಿದೆ. ಮೊದಲ ಭಾಗ ವ್ಯಾಯಾಮ ವಿಜ್ಞಾನ. ಅಲ್ಲಿ ಟ್ರೆಡ್‌ಮಿಲ್ ಇದೆ, ಉಸಿರು ಅಳೆಯುವ ಮಾಸ್ಕ್ ಇದೆ, ಆಟಗಾರರಿದ್ದಾರೆ, ಪದಕದ ಹೊಳಪಿದೆ. ಆಟದಿಂದ ಬಂದ ನಮ್ಮಂಥವರ ಮನಸ್ಸು ತಾನಾಗಿ ಅತ್ತ ವಾಲುತ್ತದೆ. ಎರಡನೆಯ ಭಾಗ ಆರೋಗ್ಯ ಸಂವರ್ಧನೆ. ಅದು ಮೈದಾನಕ್ಕೆ ಯಾವತ್ತೂ ಕಾಲಿಡದವರಿಗೆ ಸೇರಿದ್ದು: ಮಂಡಿನೋವಿನ ಅಜ್ಜಿ, ಲಾರಿ ಓಡಿಸುವ ಅಣ್ಣ, ಹೊಲಿಗೆ ಮಿಷನ್ ಮುಂದೆ ದಿನವಿಡೀ ಕೂರುವ ಗಾರ್ಮೆಂಟ್ಸ್ ಹೆಣ್ಣುಮಗಳು. ನೀನು ಈ ಎರಡನೆಯದನ್ನು ಗಟ್ಟಿಯಾಗಿ ಹಿಡಿಯಬೇಕು, ಮೊದಲನೆಯದನ್ನು ಇದಕ್ಕೋಸ್ಕರ ಕಲಿಯಬೇಕು. ನನ್ನ ಮಾತಿನ ತಿರುಳು ಇಷ್ಟೇ. ಯಾಕೆ ಹಾಗೆನ್ನುತ್ತೇನೆ ಎಂದು ತಿಳಿಯಬೇಕಾದರೆ ಲಂಡನ್ನಿನ ಬಸ್ಸುಗಳ ವಿಷಯ ಹೇಳಬೇಕು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರಿದ್ದರು. ಹೃದಯಾಘಾತದಿಂದ ಸಾಯುವ ನಡುವಯಸ್ಸಿನ ಗಂಡಸರ ಸಂಖ್ಯೆ ಏರುತ್ತಿತ್ತು, ಏಕೆಂದು ತಿಳಿದಿರಲಿಲ್ಲ. ಮಾರಿಸ್ ಉತ್ತರ ಹುಡುಕಿದ್ದು ಜನರ ಕೆಲಸದಲ್ಲಿ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಇಬ್ಬರು ನೌಕರರು. ಡ್ರೈವರ್ ಪಾಳಿಯ ಬಹುಪಾಲು ಕೂತೇ ಇರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡಲು ಮೇಲಕ್ಕೂ ಕೆಳಕ್ಕೂ ಓಡಾಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಸಂಸ್ಥೆ ಒಂದೇ, ಊರು ಒಂದೇ, ಬದುಕಿನ ಅಂತಸ್ತೂ ಹೆಚ್ಚುಕಡಿಮೆ ಒಂದೇ. 1953ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅವರು ಬರೆದದ್ದು ಇಷ್ಟು: ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ, ಬಂದರೂ ತಡವಾಗಿ ಬರುತ್ತದೆ, ಬಂದಾಗ ಸಾಯುವವರೂ ಕಡಿಮೆ. ನಡೆದೋ ಸೈಕಲ್ ತುಳಿದೋ ಟಪಾಲು ಹಂಚುವವರನ್ನು ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಅಂಚೆ ಇಲಾಖೆಯ ಗುಮಾಸ್ತರ ಜೊತೆ ಹೋಲಿಸಿದಾಗಲೂ ಅದೇ ಕಂಡಿತು.

ಇಲ್ಲಿಗೆ ನಿಲ್ಲಿಸಿದ್ದರೆ ಅದು ಒಂದು ಚಂದದ ಸುದ್ದಿಯಾಗಿ ಉಳಿಯುತ್ತಿತ್ತು. ಆದರೆ ಒಂದು ಅನುಮಾನವಿತ್ತು. ಮೊದಲೇ ದಪ್ಪಗಿದ್ದವರು ಡ್ರೈವರ್ ಕೆಲಸ ಆರಿಸಿಕೊಂಡಿದ್ದರೆ? ಹಾಗಿದ್ದರೆ ಮೆಟ್ಟಿಲಿಗೆ ಏನೂ ಶ್ರೇಯಸ್ಸಿಲ್ಲ. ಆ ಅನುಮಾನವನ್ನು ಮಾರಿಸ್ ಬಳಗ ತಾನೇ ಬೆನ್ನಟ್ಟಿತು. ನೌಕರರಿಗೆ ಸಮವಸ್ತ್ರ ಹೊಲಿಸುವಾಗ ತೆಗೆದ ಸೊಂಟದ ಅಳತೆಗಳನ್ನು ಜಾಲಾಡಿ 1956ರಲ್ಲಿ ಪ್ರಕಟಿಸಿತು. ಡ್ರೈವರುಗಳ ಪ್ಯಾಂಟಿನ ಸೊಂಟ ನಿಜಕ್ಕೂ ಅಗಲವಾಗಿತ್ತು. ಅನುಮಾನದಲ್ಲಿ ಹುರುಳಿದೆ ಎಂದು ಒಪ್ಪಿಕೊಂಡು ಮುಂದೆ ಹೋದರು. ಸೊಂಟದ ಅಳತೆ ಒಂದೇ ಆಗಿದ್ದವರನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೂ, ತೆಳ್ಳಗಿರಲಿ ದಪ್ಪಗಿರಲಿ, ಕಂಡಕ್ಟರುಗಳಲ್ಲಿ ಹಠಾತ್ ಸಾವು ಕಡಿಮೆಯೇ ಇತ್ತು. 2009ರಲ್ಲಿ ಮಾರಿಸ್ ತೀರಿಕೊಂಡಾಗ ಅವರಿಗೆ 99 ವರ್ಷ.

ನಮ್ಮ ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ಡಬಲ್ ಡೆಕ್ಕರ್ ಬಸ್ಸುಗಳು ಓಡುತ್ತಿದ್ದವು. ಮೇಲಿನ ಅಂತಸ್ತಿನ ಮುಂದಿನ ಸೀಟಿಗಾಗಿ ಹುಡುಗರು ಜಗಳವಾಡುತ್ತಿದ್ದರು. ಆ ಮೆಟ್ಟಿಲನ್ನು ಹತ್ತಿ ಇಳಿಯುತ್ತಿದ್ದ ಕಂಡಕ್ಟರನ ಹೃದಯದ ಬಗ್ಗೆ ಯೋಚಿಸಿದವರು ಎಷ್ಟು ಜನ? ಕಣ್ಣೆದುರು ಇರುವುದನ್ನು ಹೀಗೆ ನೋಡುವುದು, ನೋಡಿದ್ದನ್ನು ಅಳೆಯುವುದು, ಅಳೆದದ್ದನ್ನು ತಾನೇ ಅನುಮಾನಿಸುವುದು, ಈ ಮೂರೂ ನಿನಗೆ ಬಂದರೆ ಎಂ.ಎಸ್. ಸಾರ್ಥಕ. ಬಾರದಿದ್ದರೆ ಯಾವ ವಿಶ್ವವಿದ್ಯಾಲಯದ ಮುದ್ರೆ ಬಿದ್ದರೂ ಅದು ಕಾಗದ. ನಿಮ್ಮ ತಂದೆಗೂ ಇದನ್ನೇ ಹೇಳಿದೆ: "ಕಾಯಿಲೆ ಬರೋಕೆ ಮುಂಚೆ ಜನರ ಹತ್ರ ಹೋಗೋಳಾಗ್ತಾಳೆ ಸ್ವಾಮಿ."

ಪ್ರಯೋಗಾಲಯವನ್ನು ನಾನು ಕಡೆಗಣಿಸುತ್ತಿದ್ದೇನೆ ಎಂದುಕೊಳ್ಳಬೇಡ. 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಬೆಂಗ್ಟ್ ಸಾಲ್ಟಿನ್ ಮತ್ತು ಜೊತೆಗಾರರು 20ರ ಹರೆಯದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರು. ಎದ್ದಾಗ ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಕಾಲುಭಾಗಕ್ಕೂ ಮೇಲೆ ಕುಸಿದಿತ್ತು. 30 ವರ್ಷದ ನಂತರ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ಮುಪ್ಪು ಕಸಿದದ್ದಕ್ಕಿಂತ ಹೆಚ್ಚನ್ನು ಆ ಮೂರು ವಾರದ ಹಾಸಿಗೆ ಕಸಿದಿತ್ತು. ನಮ್ಮ ಕಡೆ ಅಜ್ಜಿ ಜಾರಿ ಬಿದ್ದು ಚೇತರಿಸಿಕೊಂಡ ಮೇಲೂ "ಏಳಬೇಡಿ, ಓಡಾಡಬೇಡಿ" ಎಂದು ತಿಂಗಳುಗಟ್ಟಲೆ ಮಂಚದ ಮೇಲೆ ಕೂರಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆ ಪ್ರೀತಿಯೇ ಅಜ್ಜಿಯ ಕಾಲಿನ ಕಸುವನ್ನು ತಿನ್ನುತ್ತದೆ. ಡಲ್ಲಾಸಿನ ಐದು ಹುಡುಗರ ವಿಷಯ ಗೊತ್ತಿರುವವಳು ಆ ಮನೆಗೆ ಹೋದರೆ, ಡಾಕ್ಟರನ್ನು ಕೇಳಿಕೊಂಡು ಅಜ್ಜಿಯನ್ನು ಮೊದಲು ಹಜಾರದವರೆಗೆ, ಆಮೇಲೆ ಜಗುಲಿಯವರೆಗೆ ನಡೆಸುತ್ತಾಳೆ. ಅದಕ್ಕೇ ಶರೀರಕ್ರಿಯಾಶಾಸ್ತ್ರವನ್ನು ಚೆನ್ನಾಗಿ ಓದು ಎನ್ನುತ್ತೇನೆ. ಸ್ನಾಯು, ಹೃದಯ, ಉಸಿರು, ಸಕ್ಕರೆ ಹೇಗೆ ಕೆಲಸ ಮಾಡುತ್ತವೆ ಎಂಬುದರಲ್ಲಿ ಅರೆಬರೆ ಜ್ಞಾನ ಇಟ್ಟುಕೊಂಡು ಜನರ ಮುಂದೆ ಹೋಗುವುದು ಅಪಾಯ.

ಹಾಗೆಯೇ ಸೂತ್ರಗಳಿಗೆ ಶರಣಾಗಬೇಡ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಹೃದಯ ಬಡಿತ ಎಂದು ಜಿಮ್ಮಿನ ಗೋಡೆಯ ಮೇಲೂ ಬರೆದಿರುತ್ತಾರೆ. 1971ರಲ್ಲಿ ಅದನ್ನು ಮುಂದಿಟ್ಟವರು ಲಭ್ಯವಿದ್ದ ಅಂಕಿಗಳ ನಡುವೆ ಅಂದಾಜಿನ ಒಂದು ಗೆರೆ ಎಳೆದಿದ್ದರು, ಅಷ್ಟೇ. ಒಬ್ಬೊಬ್ಬರಲ್ಲೂ ಅದು ಹತ್ತು ಹನ್ನೆರಡು ಬಡಿತ ಆಚೀಚೆಯಾಗುವುದು ಮಾಮೂಲು. 2001ರಲ್ಲಿ ತನಾಕಾ ಮತ್ತು ಸಂಗಡಿಗರು 208ರಿಂದ ವಯಸ್ಸಿನ ಹತ್ತರಲ್ಲಿ ಏಳು ಭಾಗ ಕಳೆಯಬೇಕೆಂಬ ಇನ್ನೊಂದು ಲೆಕ್ಕ ಕೊಟ್ಟರು. ಅದೂ ಅಂದಾಜೇ. ಇನ್ನು 'ಮೆಟ್' ಎಂಬ ಅಳತೆಯನ್ನು ನೋಡು. ಒಂದು ಮೆಟ್ ಅಂದರೆ ಸುಮ್ಮನೆ ಕೂತಾಗ ದೇಹ ಬಳಸುವ, ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. 2005ರಲ್ಲಿ ನೂರಾರು ವಯಸ್ಕರನ್ನು ನಿಜವಾಗಿ ಅಳೆದಾಗ ಸರಾಸರಿ ಸಿಕ್ಕಿದ್ದು 2.6. ನಡಿಗೆಯಲ್ಲಿ ಎಷ್ಟು ಕ್ಯಾಲೊರಿ ಖರ್ಚಾಯಿತು ಎಂದು ಮೊಬೈಲು ತೋರಿಸುವ ಅಂಕಿಗಳ ಹಿಂದೆ ಬಹುಪಾಲು ಇಂಥ ಲೆಕ್ಕಗಳೇ ಇವೆ. ಪಾಠ ಹೇಳುವವರು ಬೋರ್ಡಿನ ಮೇಲೆ ಸೂತ್ರ ಬರೆದಾಗ, ಇದನ್ನು ಯಾರ ದೇಹದ ಮೇಲೆ ಅಳೆದರು ಎಂದು ಕೈ ಎತ್ತಿ ಕೇಳು. ಅಮೆರಿಕದ ತರಗತಿಯಲ್ಲಿ ಹಾಗೆ ಕೇಳುವುದನ್ನು ಅಗೌರವ ಎಂದು ಯಾರೂ ತಿಳಿಯುವುದಿಲ್ಲ.

ನಮ್ಮವರ ದೇಹದ ವಿಷಯದಲ್ಲಂತೂ ಈ ಪ್ರಶ್ನೆ ಜೀವದ ಪ್ರಶ್ನೆ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ಇಬ್ಬರೂ ನಿಂತಿರುವ ಒಂದು ಫೋಟೊ 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಎತ್ತರ ತೂಕದ ಲೆಕ್ಕವಾದ ಬಿ.ಎಂ.ಐ. ಇಬ್ಬರದೂ 22.3. ಮೈಯೊಳಗಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯ ಒಳಗೆ ತೆಳ್ಳಗಿರುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಅದಕ್ಕೇ ನಮ್ಮಲ್ಲಿ ಬಿ.ಎಂ.ಐ. 23 ದಾಟಿದರೆ ಎಚ್ಚರ, 25ಕ್ಕೆ ಬೊಜ್ಜು ಎಂದು ಗೆರೆ ಹಾಕಿದ್ದಾರೆ. ಅಮೆರಿಕದ ಪುಸ್ತಕದಲ್ಲಿ ಆ ಗೆರೆಗಳು 25 ಮತ್ತು 30. ನಮ್ಮಲ್ಲಿ ಸೊಂಟಕ್ಕೆ ಹಾಕಿದ ಗೆರೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80. ಐ.ಸಿ.ಎಂ.ಆರ್.-ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದಲ್ಲಿ ದೇಶದ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಆ ಹೊಸ್ತಿಲಲ್ಲಿ ನಿಂತವರೇ ನಿನ್ನವರು. ಅವರಿಗಿನ್ನೂ ಕಾಯಿಲೆ ಬಂದಿಲ್ಲ, ಹಾಗಾಗಿ ಡಾಕ್ಟರು ಅವರನ್ನು ನೋಡಿರುವುದಿಲ್ಲ. ನಡೆದರೆ, ತಿನ್ನುವುದನ್ನು ತಿದ್ದಿಕೊಂಡರೆ ಅವರಲ್ಲಿ ಬಹಳ ಜನ ಹಿಂದಕ್ಕೆ ಬರಬಲ್ಲರು.

ನಡೆಯಿರಿ ಎಂದು ಹೇಳಿಬಿಟ್ಟರೆ ಆಯಿತೇ? ಇಲ್ಲಿಂದಲೇ ಎರಡನೆಯ ಭಾಗ ಶುರು. 1986ರ ನವೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನವೊಂದು ಆರೋಗ್ಯ ಸಂವರ್ಧನೆ ಅಂದರೆ ಏನು ಎಂದು ಸನ್ನದು ಬರೆಯಿತು. ಅದನ್ನು ನೀನು ಮೊದಲ ಸೆಮಿಸ್ಟರಿನಲ್ಲೇ ಓದುತ್ತೀಯೆ. ವ್ಯಕ್ತಿಗೆ ತಿಳಿವಳಿಕೆ ಕೊಡುವುದು ಅದರಲ್ಲಿ ಒಂದು ಕೆಲಸ ಮಾತ್ರ. ಸರ್ಕಾರದ ನೀತಿ, ಬದುಕುವ ಪರಿಸರ, ಊರವರ ಒಗ್ಗಟ್ಟು, ಆಸ್ಪತ್ರೆಗಳ ದಿಕ್ಕು ಬದಲಾಗುವುದು, ಇವೂ ಅಷ್ಟೇ ಮುಖ್ಯ ಎಂದು ಸನ್ನದು ಹೇಳುತ್ತದೆ. ಈ ಮಾತಿನ ತೂಕ ನಿನಗೆ ನಮ್ಮ ಊರಿನ ಬೀದಿಯಲ್ಲಿ ಗೊತ್ತಾಗುತ್ತದೆ. ಫುಟ್‌ಪಾತ್ ಇಲ್ಲ, ಇದ್ದ ಕಡೆ ಬೈಕುಗಳು ನಿಂತಿವೆ. ಬೀದಿದೀಪ ಕೆಟ್ಟಿದೆ. ನಾಯಿಗಳಿವೆ. ಬೆಳಗ್ಗೆ ಆರಕ್ಕೆ ಹೆಂಗಸು ವಾಕಿಂಗಿಗೆ ಹೊರಟರೆ ಮನೆಯಲ್ಲಿ ತಿಂಡಿ ಮಾಡುವವರಾರು ಎಂಬ ಪ್ರಶ್ನೆ, ಸಂಜೆ ಏಳಕ್ಕೆ ಹೊರಟರೆ ನೋಡಿದವರು ಏನಂದಾರು ಎಂಬ ಪ್ರಶ್ನೆ. 2024ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಸಾಕಷ್ಟು ಚಟುವಟಿಕೆ ಇಲ್ಲ. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಈ ಅಂತರವನ್ನು ಸೋಮಾರಿತನ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ.

ನಿನ್ನ ಪ್ರಬಂಧಕ್ಕೆ ಒಂದು ವಿಷಯ ಹೇಳುತ್ತೇನೆ, ಇಷ್ಟವಾದರೆ ತೆಗೆದುಕೊ. ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಮನೆಗೆ ಹೋಗಿ ಒಂದು ಫಾರಂ ತುಂಬುತ್ತಾರೆ, ಸಿ-ಬ್ಯಾಕ್ ಎನ್ನುತ್ತಾರೆ ಅದಕ್ಕೆ. ವಯಸ್ಸು, ತಂಬಾಕು, ಕುಡಿತ, ಸೊಂಟದ ಅಳತೆ, ಮನೆಯಲ್ಲಿ ಯಾರಿಗಾದರೂ ಬಿ.ಪಿ., ಸಕ್ಕರೆ ಇದೆಯೇ ಎಂಬುದರ ಜೊತೆಗೆ, ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಮಾಡುತ್ತೀರಾ ಎಂಬ ಪ್ರಶ್ನೆಯೂ ಅದರಲ್ಲಿದೆ. ಒಟ್ಟು ಅಂಕ ನಾಲ್ಕು ದಾಟಿದರೆ ತಪಾಸಣೆಗೆ ಮೊದಲು ಕಳಿಸಬೇಕು. ಈಗ ಯೋಚಿಸು. ಹೊಲದಿಂದ ಬಂದು, ದನಕ್ಕೆ ಹುಲ್ಲು ಹಾಕಿ, ಬೋರ್‌ವೆಲ್ಲಿನಿಂದ ನೀರು ಹೊತ್ತ ಹೆಂಗಸನ್ನು "ವ್ಯಾಯಾಮ ಮಾಡ್ತೀರಾ?" ಎಂದರೆ "ಅಯ್ಯೋ, ನಮಗೆಲ್ಲಿ ಪುರಸೊತ್ತು" ಎನ್ನುತ್ತಾಳೆ. ಫಾರಂನಲ್ಲಿ 'ಇಲ್ಲ' ಎಂದು ಬೀಳುತ್ತದೆ. ಊರಿನ ದೊಡ್ಡ ಮನೆಯಲ್ಲಿ ದಿನವಿಡೀ ಅಡುಗೆಮನೆಯಲ್ಲಿ ನಿಂತೇ ಇರುವವಳು "ಬೆಳಗ್ಗಿಂದ ಕೂತೇ ಇಲ್ಲ" ಎನ್ನುತ್ತಾಳೆ. ನಿಜವೇ, ಆದರೆ ಅವಳ ಹೃದಯ ಒಂದು ಸಲವೂ ಜೋರಾಗಿ ಬಡಿದಿರುವುದಿಲ್ಲ. ಫಾರಂನಲ್ಲಿ 'ಹೌದು' ಎಂದು ಬೀಳುತ್ತದೆ. ಎರಡೂ ತಪ್ಪು. ಸರಿಯಾದ ಪ್ರಶ್ನೆ ಯಾವುದು? ಕೆಲಸ ಮಾಡುವಾಗ ಮಾತಾಡಲು ಆಗುತ್ತದೆಯೇ, ಹಾಡಲು ಆಗುತ್ತದೆಯೇ, ಬೆವರು ಬರುತ್ತದೆಯೇ, ದಿನಕ್ಕೆ ಎಷ್ಟು ಹೊತ್ತು ಎಂದು ನಮ್ಮ ಆಡುಮಾತಿನಲ್ಲಿ ಕೇಳುವ ಪ್ರಶ್ನಾವಳಿಯೊಂದನ್ನು ಕಟ್ಟಬೇಕು. ಅದರ ಉತ್ತರವನ್ನು ಸೊಂಟಕ್ಕೆ ಕಟ್ಟುವ ಅಕ್ಸೆಲೆರೋಮೀಟರ್ ಎಂಬ ಪುಟ್ಟ ಸಾಧನದ ಅಳತೆಯ ಜೊತೆ ಹೋಲಿಸಿ ನೋಡಬೇಕು. ಹಾವೇರಿಯ ಹೆಂಗಸಿಗೂ ಕರಾವಳಿಯಲ್ಲಿ ಬೀಡಿ ಕಟ್ಟುವವಳಿಗೂ ಬೇರೆ ಬೇರೆ ಉದಾಹರಣೆ ಬೇಕಾಗುತ್ತದೆ. ಈ ಕೆಲಸಕ್ಕೆ ಅಮೆರಿಕದ ಸಂಖ್ಯಾಶಾಸ್ತ್ರವೂ ಬೇಕು, ನಿನ್ನ ಅಮ್ಮನ ಭಾಷೆಯೂ ಬೇಕು. ಎರಡೂ ಇರುವವರು ವಿರಳ, ನಿನ್ನಲ್ಲಿ ಎರಡೂ ಇರುತ್ತವೆ.

ಇನ್ನೊಂದು ನೋವಿನ ವಿಷಯ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯ ನಿಂತು ಹೋದರು, 46ನೇ ವಯಸ್ಸಿಗೆ. ನಾಡೆಲ್ಲ ಅತ್ತಿತು. ಮರುದಿನದಿಂದ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸಾಲು ಬೆಳೆಯಿತು, ಎಷ್ಟೋ ಮನೆಗಳಲ್ಲಿ ತಾಯಂದಿರು ಮಕ್ಕಳನ್ನು ಜಿಮ್ಮಿಗೆ ಹೋಗಬೇಡ ಎಂದು ತಡೆದರು. ಆ ಹೊತ್ತಿಗೆ ಸಮಾಧಾನವಾಗಿ, ಲೆಕ್ಕ ಹಿಡಿದು ಕನ್ನಡದಲ್ಲಿ ಮಾತಾಡುವವರು ನಮಗೆ ಸಾಲದಾದರು. ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 1984ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯವನ್ನು ಬಿಡಿಸಿ ಹೇಳುತ್ತದೆ. ಕಠಿಣ ಶ್ರಮದ ಗಳಿಗೆಯಲ್ಲಿ ಹೃದಯ ನಿಲ್ಲುವ ಅಪಾಯ ಉಳಿದ ಹೊತ್ತಿಗಿಂತ ಹೆಚ್ಚುವುದು ನಿಜ. ಶ್ರಮದ ಅಭ್ಯಾಸವೇ ಇಲ್ಲದ ಗಂಡಸರಲ್ಲಿ ಅದು 56 ಪಟ್ಟು ಏರಿತು, ನಿತ್ಯ ಅಭ್ಯಾಸ ಇರುವವರಲ್ಲಿ 5 ಪಟ್ಟು ಮಾತ್ರ. ಆದರೆ ಇಡೀ ದಿನದ ಲೆಕ್ಕ ತೆಗೆದರೆ, ಅಭ್ಯಾಸ ಇರುವವರ ಒಟ್ಟು ಅಪಾಯ ಕೂತಿರುವವರ ಅಪಾಯದ ಶೇ. 40ರಷ್ಟೇ. ಅಂದರೆ ವ್ಯಾಯಾಮ ಕಾಯುತ್ತದೆ, ಆದರೆ ಅಭ್ಯಾಸವಿಲ್ಲದವನು ಒಮ್ಮೆಲೇ ಮೈ ಮುರಿದುಕೊಂಡು ಮಾಡಿದರೆ ಅದೇ ಕೊಲ್ಲಲೂಬಹುದು. ಈ ಎರಡು ಮಾತನ್ನೂ ಒಟ್ಟಿಗೆ ಹೇಳಬೇಕು, ಒಂದನ್ನು ಬಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ. ಎದೆನೋವು, ತಲೆಸುತ್ತು, ಮನೆತನದ ಹೃದ್ರೋಗ ಇವನ್ನು ಕೇಳಿ ತಿಳಿಯದೆ ಯಾರನ್ನೂ ಓಡಿಸಬಾರದು ಎಂಬುದನ್ನು ನೀನು ತರಗತಿಯಲ್ಲಿ ಕಲಿಯುತ್ತೀಯೆ. ಕಲಿತದ್ದನ್ನು ನಮ್ಮ ಜಿಮ್ಮುಗಳಿಗೂ, ಓಟದ ಸ್ಪರ್ಧೆ ಏರ್ಪಡಿಸುವವರಿಗೂ ತಲುಪಿಸು.

ಇನ್ನು ದುಡ್ಡಿನ ಮಾತು. ಇದನ್ನು ನಾಚಿಕೆಯಿಲ್ಲದೆ ಮಾತಾಡಬೇಕು. ಈ ಪದವಿ ಕಂಪ್ಯೂಟರ್ ಓದಿದವರ ಸಂಬಳ ತರುವುದಿಲ್ಲ. ಅಲ್ಲಿ ಓದಿದವರು ಹೃದ್ರೋಗಿಗಳ ಪುನಶ್ಚೇತನ ಘಟಕ, ಕಂಪನಿಗಳ ವೆಲ್‌ನೆಸ್ ವಿಭಾಗ, ಕಾಲೇಜು ತಂಡಗಳು, ಸಾರ್ವಜನಿಕ ಆರೋಗ್ಯ ಇಲಾಖೆಗಳಲ್ಲಿ ಕೆಲಸ ಮಾಡುತ್ತಾರೆ, ಹಲವರು ಪಿಎಚ್.ಡಿ.ಗೆ ಹೋಗುತ್ತಾರೆ. ಒಳ್ಳೆಯ ಕೆಲಸಗಳೇ, ಆದರೆ ದೊಡ್ಡ ಸಾಲವನ್ನು ಬೇಗ ತೀರಿಸುವ ಕೆಲಸಗಳಲ್ಲ. ಅದಕ್ಕೇ ಸ್ಪಷ್ಟವಾಗಿ ಹೇಳುತ್ತೇನೆ: ಅಸಿಸ್ಟೆಂಟ್‌ಶಿಪ್ ಸಿಗದೆ ತೋಟ ಅಡವಿಟ್ಟು ಹೋಗಬೇಡ. ನಮ್ಮ ವಿಷಯದಲ್ಲಿ ಅದು ಸಿಗುವ ದಾರಿ ಇದೆ. ಪದವಿ ಓದುವ ಹುಡುಗರಿಗೆ ಆಟದ ತರಗತಿ ತೆಗೆದುಕೊಳ್ಳಲು, ಪ್ರಯೋಗಾಲಯ ನಡೆಸಲು, ಕ್ಯಾಂಪಸ್ಸಿನ ವ್ಯಾಯಾಮ ಕೇಂದ್ರ ನೋಡಿಕೊಳ್ಳಲು ವಾರಕ್ಕೆ 20 ಗಂಟೆಯ ಕೆಲಸ ಕೊಡುತ್ತಾರೆ, ಬದಲಿಗೆ ಬೋಧನಾ ಶುಲ್ಕ ಮನ್ನಾ ಮಾಡಿ ತಿಂಗಳ ಖರ್ಚಿಗೆ ಹಣ ಕೊಡುತ್ತಾರೆ. ರಾಷ್ಟ್ರಮಟ್ಟದಲ್ಲಿ ಖೋ ಖೋ ಆಡಿದವಳು, ಮಕ್ಕಳಿಗೆ ಕಲಿಸಿದವಳು ಎಂಬುದನ್ನು ಅರ್ಜಿಯಲ್ಲಿ ಮೊದಲ ಸಾಲಿನಲ್ಲೇ ಬರೆ. ಶುಲ್ಕ ಮನ್ನಾ ಎಂದ ಮಾತ್ರಕ್ಕೆ ಇತರ ಫೀಸು, ಆರೋಗ್ಯ ವಿಮೆ ಎಲ್ಲವೂ ಸೇರಿರುತ್ತದೆ ಎಂದುಕೊಳ್ಳಬೇಡ. ಯಾವುದು ಸೇರಿದೆ, ಯಾವುದಿಲ್ಲ ಎಂದು ಬರಹದಲ್ಲಿ ಕೇಳು.

ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಯಾರು ಎಂಬುದು ದೊಡ್ಡದು. ನಿನಗೆ ಬೇಕಾದ ವಿಷಯದಲ್ಲಿ ಕಳೆದ ಐದು ವರ್ಷದಲ್ಲಿ ಏನು ಬರೆದಿದ್ದಾರೆ ಎಂದು ಓದಿ, ಅವರಿಗೆ ಚಿಕ್ಕದಾಗಿ, ಚೊಕ್ಕವಾಗಿ ಪತ್ರ ಬರೆ. ಅವರ ಲೇಖನ ಓದಿದ್ದೀಯೆ ಎಂಬುದು ಪತ್ರದಲ್ಲಿ ತಿಳಿಯಬೇಕು. ಪ್ರಬಂಧ ಬರೆಯುವ ದಾರಿ, ಬರೆಯದ ದಾರಿ ಎಂದು ಎರಡಿರುತ್ತವೆ. ನೀನು ಪ್ರಬಂಧದ ದಾರಿ ಹಿಡಿ, ಸಂಶೋಧನೆಗೆ ಅದೇ ಬಾಗಿಲು. ಓದು ಮುಗಿದ ಮೇಲೆ ಅಲ್ಲಿ 12 ತಿಂಗಳು ಕೆಲಸ ಮಾಡಲು ಅವಕಾಶವಿದೆ. ಕೋರ್ಸು ಸ್ಟೆಮ್ ಎಂಬ ವಿಜ್ಞಾನ-ತಂತ್ರಜ್ಞಾನದ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಒಂದೇ ತರಹದ ಕೋರ್ಸು ಒಂದು ಕಡೆ ಜೀವವಿಜ್ಞಾನದ ಗುಂಪಿನಲ್ಲಿರುತ್ತದೆ, ಇನ್ನೊಂದು ಕಡೆ ಕ್ರೀಡೆ-ಮನರಂಜನೆಯ ಗುಂಪಿನಲ್ಲಿರುತ್ತದೆ, ಅದರ ಮೇಲೆ ನಿನ್ನ ಎರಡು ವರ್ಷ ನಿಂತಿದೆ. ಯಾವ ಗುಂಪು ಎಂದು ಹೇಳುವ ಕೋರ್ಸಿನ ಸಿ.ಐ.ಪಿ. ಸಂಖ್ಯೆ ಏನು ಎಂದು ಅರ್ಜಿಗೆ ಮುಂಚೆ ಕೇಳಿ ತಿಳಿದುಕೊ. ವೀಸಾ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹೋದ ವರ್ಷ ಹೋದವರ ಮಾತನ್ನು ನಂಬಿ ಕೂರಬೇಡ. ಮತ್ತೆ, ಇಲ್ಲಿಗೆ ಬಂದು ಸರ್ಕಾರಿ ಕಾಲೇಜಿನಲ್ಲಿ ನನ್ನ ಹಾಗೆ ದೈಹಿಕ ಶಿಕ್ಷಣದ ಹುದ್ದೆ ಬಯಸಿದರೆ ಎಂ.ಪಿ.ಎಡ್. ಕೇಳುತ್ತಾರೆ, ನಿನ್ನ ಎಂ.ಎಸ್. ಅದಕ್ಕೆ ಸಮ ಎಂದು ತೋರಿಸಬೇಕಾಗುತ್ತದೆ. ಈ ಪದವಿಯಿಂದ ನೀನು ಫಿಸಿಯೋಥೆರಪಿಸ್ಟ್ ಕೂಡ ಆಗುವುದಿಲ್ಲ, ಹಾಗೆ ಬೋರ್ಡು ಹಾಕಿಕೊಳ್ಳಲೂಬಾರದು.

ಅಸಿಸ್ಟೆಂಟ್‌ಶಿಪ್ ಸಿಗಲಿಲ್ಲ ಎಂದುಕೊ. ಆಗ ಅಳುತ್ತ ಕೂರುವ ಕಾರಣವೇ ಇಲ್ಲ. 1920ರಲ್ಲಿ ಹ್ಯಾರಿ ಬಕ್ ಕಟ್ಟಿದ ಮದ್ರಾಸಿನ ವೈ.ಎಂ.ಸಿ.ಎ. ಕಾಲೇಜು, 1957ರ ಗ್ವಾಲಿಯರ್ ಲಕ್ಷ್ಮೀಬಾಯಿ ಸಂಸ್ಥೆ, ನಮ್ಮದೇ ಮಣಿಪಾಲ ವಿಶ್ವವಿದ್ಯಾಲಯ, ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ದೈಹಿಕ ಶಿಕ್ಷಣ ವಿಭಾಗಗಳು, ಇವುಗಳಲ್ಲಿ ಓದಿ ನಾಡಿಗೆ ಬೇಕಾದ ಕೆಲಸ ಮಾಡಿದವರಿದ್ದಾರೆ. ಆಟಗಾರರ ವಿಜ್ಞಾನವೇ ಬೇಕು ಎಂದಾದರೆ ತೋರಣಗಲ್ಲಿನ ಬಳಿ ವಿಜಯನಗರದಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, ಬೆಂಗಳೂರಿನಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಓದುವುದೂ ಒಂದು ಒಳ್ಳೆಯ ದಾರಿ, ನಿನ್ನ ಮನಸ್ಸು ಎರಡನೆಯ ಭಾಗಕ್ಕೆ ಒಲಿದರೆ ಬಹುಶಃ ಅದೇ ಉತ್ತಮ.

ಹೊರಡುವ ಮುಂಚೆ ಇರುವ ತಿಂಗಳುಗಳಲ್ಲಿ ಸಂಖ್ಯಾಶಾಸ್ತ್ರ ಕಲಿ. ನಮ್ಮ ಕಡೆಯ ಮಕ್ಕಳು ಅಲ್ಲಿ ಎಡವುವುದು ಇಂಗ್ಲಿಷಿನಲ್ಲಲ್ಲ, ಅದರಲ್ಲಿ. ನಿನ್ನ ಊರಿನ ಆಶಾ ಕಾರ್ಯಕರ್ತೆಯ ಜೊತೆ ಕೆಲವು ಮನೆಗಳಿಗೆ ಹೋಗು. ಅಪರಿಚಿತ ಹೆಂಗಸಿನ ಸೊಂಟಕ್ಕೆ ಟೇಪು ಹಿಡಿಯುವ ಮುಂಚೆ ಹೇಗೆ ಒಪ್ಪಿಗೆ ಕೇಳಬೇಕು, ಅತ್ತೆ ಎದುರಿಗಿದ್ದಾಗ ಸೊಸೆ ಯಾಕೆ ಬೇರೆ ಉತ್ತರ ಕೊಡುತ್ತಾಳೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಮೈಸೂರಿಗೆ ಹೋದಾಗ ಒಂದು ಗರಡಿ ಮನೆಗೆ ಹೋಗಿ ದಂಡ, ಬಸ್ಕಿ, ಗದೆ ತಿರುಗಿಸುವುದನ್ನು ನೋಡಿ ಬಾ. ಯಂತ್ರವಿಲ್ಲದೆ ಮೈಯನ್ನು ಹುರಿಗೊಳಿಸುವ ವಿದ್ಯೆ ನಮ್ಮಲ್ಲಿ ಎಷ್ಟು ಹಳೆಯದೆಂದು ತಿಳಿಯುತ್ತದೆ; ಅದನ್ನು ಅಳೆದು ಬರೆಯುವ ಕೆಲಸ ಇನ್ನೂ ಬಹಳ ಉಳಿದಿದೆ.

ಕೊನೆಯದಾಗಿ ಕನ್ನಡದ ಮಾತು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಅವರೇ 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರು ಎಂಬುದು ನಿನಗೆ ಗೊತ್ತಿರಲಿಕ್ಕಿಲ್ಲ. ಮೈ ಸಾಧನೆ ಮಾಡಿದವರು ಬರೆಯಲಾರರು ಎಂದು ಯಾರೂ ಹೇಳುವಂತಿಲ್ಲ. ನೀನು ಅಲ್ಲಿ ಕಲಿತದ್ದನ್ನು ತಿಂಗಳಿಗೊಂದು ಪುಟವಾದರೂ ಕನ್ನಡದಲ್ಲಿ ಬರೆದಿಡು. ನಿನ್ನ ಅಮ್ಮ ಓದಿ ಅರ್ಥಮಾಡಿಕೊಳ್ಳುವ ಹಾಗೆ ಬರೆ. ಅವರಿಗೆ ಅರ್ಥವಾಗದ ಸಾಲನ್ನು ಹೊಡೆದುಹಾಕಿ ಮತ್ತೆ ಬರೆ.

ಪ್ರವೇಶದ ಪತ್ರ ಬಂದಾಗ ಸಂಭ್ರಮದಲ್ಲಿ ಸಹಿ ಹಾಕಬೇಡ. ಹಣದ ವಿವರ ಇರುವ ಪುಟವನ್ನು ನನಗೂ ಕಳಿಸು, ನಿಮ್ಮ ತಂದೆಯನ್ನೂ ಪಕ್ಕಕ್ಕೆ ಕೂರಿಸಿಕೊಂಡು ಮೂವರೂ ಒಟ್ಟಿಗೆ ಓದೋಣ.